ಸೋವಿಯ ಖಾರವೂ ತುಟ್ಟಿಯ ಖಾರವೂ

ಪೇಟೆಯಲ್ಲಿ ಪದಾರ್ಥವನ್ನು ಕೊಳ್ಳುವವನು ಎರಡು ಪ್ರಶ್ನೆಗಳನ್ನು ಕೇಳುವದು ವಾಡಿಕೆ. ಧಾರಣೆ ಏನು? ತೂಕ ಸರಿಯೆ? ಈ ಎರಡಕ್ಕೂ ಮನಸ್ಸೊಪ್ಪುವ ಉತ್ತರ ದೊರೆತರೆ ಅವನು ಚೀಲವನ್ನು ಕಟ್ಟಿಸಿಕೊಂಡು ಮನೆಯ ದಾರಿಯನ್ನು ಹಿಡಿಯುವನು. ಆದರೆ ಹೊಟ್ಟೆಗೆ ಹೋಗತಕ್ಕ ಪದಾರ್ಥದ ಮಟ್ಟಿಗೆ ಇನ್ನೆರಡು ಪ್ರಶ್ನೆಗಳುಂಟು. ಇದು ಯಾವ ನೆಲದಲ್ಲಿ ಬೆಳೆಯಿತು? ಬೆಳೆಯುವಾಗ ಇದರ ಮೇಲೆ ಏನೇನನ್ನು ಸುರಿದರು? ಸಾವಯವ ಪದಾರ್ಥ, ಊರ ಪದಾರ್ಥ ಎಂದು ಈಚೆಗೆ ಪಟ್ಟಣಗಳಲ್ಲಿ ನಡೆದಿರುವ ಮಾತೆಲ್ಲವೂ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತಿರುವದು. ಇದು ಉಳ್ಳವರ ಚಟವೆಂದು ಕೆಲವರು ಮೂಗು ಮುರಿಯುವರು. ಇದೇ ಪರಮಧರ್ಮವೆಂದು ಮತ್ತೆ ಕೆಲವರು ಸಾರುವರು. ಈ ಎರಡು ಪಕ್ಷಗಳಲ್ಲಿ ಯಾವದನ್ನೂ ಸೇರದೆ, ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡುವದೇ ಲೇಸೆಂದು ನಮ್ಮ ಅಭಿಪ್ರಾಯ. ಲೆಕ್ಕಕ್ಕೆ ಒಂದು ಪದಾರ್ಥವೂ ಒಂದು ಊರೂ ಬೇಕಷ್ಟೆ? ಪದಾರ್ಥವು ಬ್ಯಾಡಗಿಯ ಮೆಣಸಿನಕಾಯಿ, ಊರು ಕದರಮಂಡಲಗಿ.

ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನೆಂಬ ಆಂಜನೇಯನ ಕ್ಷೇತ್ರವೆಂದು ನಾಡಿನಲ್ಲಿ ಪ್ರಸಿದ್ಧವಾಗಿರುವದು. ಇಲ್ಲಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರನ್ನೂ ಒಂದೇ ದಿವಸದಲ್ಲಿ ದರ್ಶನ ಮಾಡುವ ಪದ್ಧತಿಯುಂಟು. ರಾಣಿಬೆನ್ನೂರು, ಹಾವೇರಿ, ಹುಬ್ಬಳ್ಳಿಗಳಿಂದ ಬರುವ ಭಕ್ತರು ದಾರಿಯ ಎರಡು ಬದಿಗಳಲ್ಲಿಯೂ ಹೊಲಗಳನ್ನು ನೋಡುತ್ತ ಬರುವರು. ಈ ಸೀಮೆಯ ಹೆಸರನ್ನು ದೇಶಾಂತರಗಳಿಗೆ ಒಯ್ದ ಬೆಳೆಯು ಮೆಣಸಿನಕಾಯಿ. ಇಂದು ಕಣ್ಣಿಗೆ ಹೆಚ್ಚಾಗಿ ಬೀಳುವದು ಗೋವಿನಜೋಳ. ಈ ಬದಲಾವಣೆಯ ಕಾರಣವನ್ನು ತಿಳಿದರೆ ನಮ್ಮ ಪ್ರಶ್ನೆಯ ಅರ್ಧವನ್ನು ತಿಳಿದಂತೆಯೇ.

ಒಂದು ಮಾತನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ಮೆಣಸಿನಕಾಯಿ ಮೂಲತಃ ನಮ್ಮ ದೇಶದ್ದಲ್ಲ. ಅದು ಅಮೇರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೆ ಮೊದಲು ನಮ್ಮ ಅಡಿಗೆಯ ಖಾರವು ಕರಿಮೆಣಸಿನದೇ. ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟು ನಮ್ಮವರು ಅದನ್ನು ಮನೆಯ ಮಗುವನ್ನಾಗಿ ಮಾಡಿಕೊಂಡರು. ಊರ ಪದಾರ್ಥವೆಂದರೆ ಅನಾದಿಯಿಂದ ಇಲ್ಲಿಯೇ ಹುಟ್ಟಿದ್ದೆಂದು ಅರ್ಥವಲ್ಲ. ಈ ಮಣ್ಣಿಗೂ ಈ ಮಳೆಗೂ ಹೊಂದಿಕೊಂಡು, ಈ ಊರಿನ ರೈತನ ಕೈಯಲ್ಲಿ ತಲೆತಲಾಂತರದಿಂದ ಬೀಜವಾಗಿ ಉಳಿದು ಬಂದದ್ದೇ ಊರ ಪದಾರ್ಥ.

ಹೆಸರು ಬ್ಯಾಡಗಿಯದು, ಕಾಯಿ ಎಲ್ಲಿಯದು?

ಬ್ಯಾಡಗಿಯ ಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆಗಳು. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಸೌಮ್ಯ. ಬಣ್ಣ ಹೆಚ್ಚು, ಉರಿ ಕಡಿಮೆ ಎಂಬ ಗುಣದಿಂದಲೇ ಅದಕ್ಕೆ ಮಾನ್ಯತೆ ಬಂದಿರುವದು. ಅಡಿಗೆಮನೆಗಳಿಗೆ ಹೋಗುವದಲ್ಲದೆ, ಇದರ ಬಣ್ಣದ ಸತ್ವವನ್ನು ಕಾರಖಾನೆಗಳಲ್ಲಿ ತೆಗೆದು ತಿಂಡಿಗಳಿಗೂ ಸ್ತ್ರೀಯರ ತುಟಿಬಣ್ಣಕ್ಕೂ ಬಳಸುವರು. 2011ರಲ್ಲಿ ಇದಕ್ಕೆ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. ಅಂದರೆ ಈ ಹೆಸರಿನ ಮೇಲೆ ಈ ಸೀಮೆಯ ಬೆಳೆಗಾರರ ಹಕ್ಕನ್ನು ಕಾಯದೆಯು ಒಪ್ಪಿಕೊಂಡಿತು.

ಕಾಯದೆ ಒಪ್ಪಿದ ಮಾತ್ರಕ್ಕೆ ಪೇಟೆ ಒಪ್ಪಿತೆಂದು ತಿಳಿಯಲಾಗದು. ಬ್ಯಾಡಗಿಯ ಪೇಟೆ ಇಡೀ ದೇಶದ ದೊಡ್ಡ ಮೆಣಸಿನಕಾಯಿ ಪೇಟೆಗಳಲ್ಲಿ ಒಂದು. ಸುಗ್ಗಿಯ ದಿವಸಗಳಲ್ಲಿ ಅಲ್ಲಿಗೆ ಬರುವ ಲಕ್ಷಗಟ್ಟಲೆ ಚೀಲಗಳಲ್ಲಿ ಬಹುಭಾಗವು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ನೀರಾವರಿ ನೆಲಗಳಿಂದ ಬಂದುದಾಗಿರುವದು. ಅದರಲ್ಲಿಯೂ ಕಂಪನಿಗಳ ಸಂಕರ ಬೀಜದ ಕಾಯಿಯದೇ ದೊಡ್ಡ ಪಾಲು. ಬ್ಯಾಡಗಿಯ ಅಂಗಡಿಯಲ್ಲಿ ಕೊಂಡುದೆಲ್ಲ ಬ್ಯಾಡಗಿಯ ಹೊಲದ್ದೆಂದು ನಂಬುವವನು, ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಇಳಿದವರೆಲ್ಲ ಹುಬ್ಬಳ್ಳಿಯವರೆಂದು ನಂಬಿದಂತೆಯೇ ಸರಿ.

ಇತ್ತ ಊರ ತಳಿಯು ಊರಲ್ಲಿಯೇ ಕಡಿಮೆಯಾಗುತ್ತ ನಡೆದಿರುವದು. ಹಿಂದೆ ಧಾರವಾಡ ಸೀಮೆಯ ರೈತನು ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಈ ಮೂರನ್ನೂ ಕೂಡಿಸಿ ಬೆಳೆಯುತ್ತಿದ್ದನು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಎಲೆ ಮುಟುರುವ ರೋಗ, ಥ್ರಿಪ್ಸ್ ಮತ್ತು ಮೈಟ್ ಎಂಬ ಕ್ಷುದ್ರ ಕೀಟಗಳ ಕಾಟ, ಬಿಡಿಸುವ ಆಳುಗಳ ಅಭಾವ, ನೆಲೆಯಿಲ್ಲದ ಧಾರಣೆ ಇವೆಲ್ಲ ಸೇರಿ ಅವನನ್ನು ಗೋವಿನಜೋಳದ ಕಡೆಗೆ ತಳ್ಳಿದವು. 2021ರಲ್ಲಿ ಹೊರದೇಶದಿಂದ ಬಂದ ಹೊಸ ಜಾತಿಯ ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ಸಿಂಪಡಿಸುವ ಔಷಧವು ಹೆಚ್ಚಿದಷ್ಟೂ ಕೀಟವು ಅದಕ್ಕೆ ಒಗ್ಗಿಕೊಳ್ಳುವದು. ಕೀಟವು ಒಗ್ಗಿದಷ್ಟೂ ಔಷಧದ ಸರದಿಯು ಹೆಚ್ಚುವದು. ಈ ಸುಳಿಯಲ್ಲಿ ಸಿಕ್ಕವನು ರೈತನಾದರೂ, ಅದರ ಕೊನೆಯ ತುತ್ತು ನಮ್ಮ ತಾಟಿಗೆ ಬೀಳುವದು.

ತುಟ್ಟಿಯಾಗುವದು ಯಾಕೆ?

ಔಷಧ ಹೊಡೆಯದೆ, ಚೀಲದ ಗೊಬ್ಬರ ಹಾಕದೆ ಬೆಳೆದ ನಾಡ ತಳಿಯ ಕಾಯಿಗೆ ಹೆಚ್ಚು ಬೆಲೆಯನ್ನು ಕೇಳಿದಾಗ ಪಟ್ಟಣಿಗನು, "ಖರ್ಚೇ ಇಲ್ಲದ ಬೆಳೆಗೆ ಇಷ್ಟು ದರವೆ?" ಎಂದು ಹುಬ್ಬೇರಿಸುವನು. ಖರ್ಚು ಇಲ್ಲದೆ ಇಲ್ಲ. ಅದು ಬೇರೆ ಕಡೆಗೆ ಇರುವದು.

ಮೊದಲನೆಯದು, ಇಳುವರಿ. ಮಳೆಯನ್ನು ನಂಬಿದ ನಾಡ ತಳಿಯು ನೀರಾವರಿಯ ಸಂಕರ ತಳಿಯಷ್ಟು ಕಾಯಿಯನ್ನು ಕೊಡಲಾರದು. ಎರಡನೆಯದು, ದುಡಿತ. ಬಂಡಿಗಟ್ಟಲೆ ತಿಪ್ಪೆಗೊಬ್ಬರವನ್ನು ಹೇರಬೇಕು, ಕಳೆಯನ್ನು ಕೈಯಿಂದ ತೆಗೆಯಬೇಕು, ಬೇವಿನ ಕಷಾಯವನ್ನು ಮೇಲಿಂದ ಮೇಲೆ ಹೊಡೆಯಬೇಕು. ಹಣ್ಣಾದ ಕಾಯಿಯನ್ನು ಹಲವು ಸಾರೆ ಬಿಡಿಸಿ ಕಣದಲ್ಲಿ ಹರವಿ ಒಣಗಿಸಬೇಕು. ಕೊನೆಗೆ ಹೆಣ್ಣುಮಕ್ಕಳು ಕುಳಿತು ಒಂದೊಂದಾಗಿ ತೊಟ್ಟು ಬಿಡಿಸಬೇಕು. ಮೂರನೆಯದು, ಬೀಜ. ಮೆಣಸಿನ ಗಿಡದಲ್ಲಿ ಪರಾಗಸ್ಪರ್ಶವು ಹುಳುಗಳ ಮೂಲಕ ಹೊಲದಿಂದ ಹೊಲಕ್ಕೆ ನಡೆಯುವದುಂಟು. ನೆರೆಯವನು ಸಂಕರ ತಳಿಯನ್ನು ಹಾಕಿದರೆ ಇವನ ಬೀಜವೂ ಬೆರಕೆಯಾಗುವದು. ಶುದ್ಧ ಬೀಜವನ್ನು ಕಾಯ್ದುಕೊಳ್ಳುವವನು ಹೊಲವನ್ನು ದೂರವಿರಿಸಬೇಕು, ಗಿಡಗಳನ್ನು ಆರಿಸಬೇಕು. ಅದಕ್ಕೆ ಯಾರೂ ಕೂಲಿ ಕೊಡರು.

ನಾಲ್ಕನೆಯದು ಎಲ್ಲಕ್ಕೂ ಕಠಿಣವಾದದ್ದು. ಸಾವಯವವೆಂಬ ಸರಕಾರಿ ಮುದ್ರೆ ಬೇಕಾದರೆ, ವರ್ಷದ ಬೆಳೆಗಳ ಮಟ್ಟಿಗೆ ಭೂಮಿಯು ಬಿತ್ತುವದಕ್ಕೆ ಮೊದಲು ಎರಡು ವರ್ಷವಾದರೂ ಪರಿವರ್ತನೆಯಲ್ಲಿರಬೇಕೆಂದು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮವಿರುವದು. ಆ ಎರಡು ವರ್ಷ ರೈತನು ಸಾವಯವದ ಕಷ್ಟವನ್ನೆಲ್ಲ ಪಡುವನು. ಮಾರುವಾಗ ಸಾಧಾರಣ ಧಾರಣೆಯನ್ನೇ ಪಡೆಯುವನು. ಮೇಲೆ ಪ್ರಮಾಣಪತ್ರದ ಖರ್ಚು ಬೇರೆ. ಐದಾರು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಒಬ್ಬರು ಪರೀಕ್ಷಿಸಿ ಸಾಕ್ಷಿ ಹೇಳುವ ಪಿಜಿಎಸ್ ಎಂಬ ಸುಲಭ ಪದ್ಧತಿಯೂ ಉಂಟು. ಸಣ್ಣ ರೈತನಿಗೆ ಅದು ಅನುಕೂಲವಾದದ್ದು. ಆದರೆ ಅದರ ಬೆಲೆಯನ್ನು ಬಲ್ಲ ಗಿರಾಕಿಗಳು ನಮ್ಮ ಪಟ್ಟಣಗಳಲ್ಲಿ ವಿರಳ.

ಸೋವಿಯ ಬೆಲೆಯನ್ನು ತೆರುವವರು ಯಾರು?

ಇನ್ನು ಸೋವಿಯ ಕಡೆಗೆ ತಿರುಗೋಣ. ಯೂರಿಯಾದ 45 ಕಿಲೋ ಚೀಲವನ್ನು ರೈತನು ಸುಮಾರು 270 ರೂಪಾಯಿಯೊಳಗೆ ಕೊಳ್ಳುವನು. ಅದರ ನಿಜವಾದ ಖರ್ಚು ಅದಕ್ಕೆ ಹಲವು ಪಟ್ಟು. ಉಳಿದುದನ್ನು ಸರಕಾರದ ಬೊಕ್ಕಸವು ತುಂಬುತ್ತಿರುವದು. ಬೊಕ್ಕಸವೆಂದರೆ ನಮ್ಮ ಕರವೇ ಅಲ್ಲವೆ? ಅಂಗಡಿಯಲ್ಲಿ ಉಳಿಸಿದೆವೆಂದುಕೊಂಡ ಹಣದಲ್ಲಿ ಒಂದು ಪಾಲನ್ನು ನಾವು ಇನ್ನೊಂದು ಬಾಗಿಲಿನಿಂದ ತೆತ್ತೇ ಇರುವೆವು.

ಹಣದಿಂದ ತೆರಲಾಗದ ಬೆಲೆಯೂ ಉಂಟು. 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತಿಗೆಯ ಹೊತ್ತಿಗೆ ಗೊಬ್ಬರ ದೊರೆಯಲಿಲ್ಲವೆಂದು ರೈತರು ಬೀದಿಗಿಳಿದರು. ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಪ್ರಾಣ ಹೋಯಿತು. ಯಾರ ತಪ್ಪೆಂಬ ವಾದವನ್ನು ನಾವು ಇಲ್ಲಿ ಎತ್ತುವದಿಲ್ಲ. ತಿಪ್ಪೆಯೂ ದನವೂ ಇದ್ದ ನಾಡಿನ ಒಕ್ಕಲಿಗನು ದೂರದ ಚೀಲವೊಂದಕ್ಕಾಗಿ ಪ್ರಾಣ ಕೊಡುವಷ್ಟು ಪರಾಧೀನನಾದದ್ದು ಹೇಗೆ ಎಂಬ ಒಂದೇ ಪ್ರಶ್ನೆ ಸಾಕು. ಅದರಂತೆಯೇ 2024ರ ಮಾರ್ಚ್ 11ರಂದು ಬ್ಯಾಡಗಿಯ ಪೇಟೆಯಲ್ಲಿ ಧಾರಣೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ಬೆಳೆಗಾರರು ಕೃಷಿ ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಬಿದ್ದರು. ವಾಹನಗಳಿಗೆ ಬೆಂಕಿ ಹತ್ತಿತು. ಹಿಂಸೆಯನ್ನು ನಾವು ಎಂದಿಗೂ ಒಪ್ಪತಕ್ಕವರಲ್ಲ. ಆದರೆ ಸಾಲ ತೆಗೆದು ಬೀಜ, ಔಷಧ, ಗೊಬ್ಬರಗಳನ್ನು ಕೊಂಡವನು ಒಂದು ದಿವಸದ ಧಾರಣೆಯ ಮೇಲೆ ತನ್ನ ಸರ್ವಸ್ವವನ್ನೂ ಒಡ್ಡಿ ನಿಂತಿರುವನೆಂಬುದನ್ನು ಆ ದಿನವು ಎಲ್ಲರಿಗೂ ತೋರಿಸಿಕೊಟ್ಟಿತು.

ಔಷಧದ ವಿಷಯದಲ್ಲಿ ಉಣ್ಣುವವನು ತನ್ನ ಹೊಟ್ಟೆಯನ್ನು ಕುರಿತು ಅಂಜುವನು. ಹೊಡೆಯುವವನ ಎದೆಯನ್ನು ನೆನೆಯುವದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಕ್ಕೆ ಔಷಧ ಹೊಡೆಯುತ್ತಿದ್ದ ಹಲವಾರು ಕೂಲಿಕಾರರೂ ರೈತರೂ ಅದರ ವಿಷ ತಗುಲಿ ಸತ್ತರು. ನಮ್ಮ ಕನ್ನಡಿಗರೂ ಇರುವ ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿದುದರ ನೋವನ್ನು ಅಲ್ಲಿಯ ಮನೆಗಳು ಇಂದಿಗೂ ಉಣ್ಣುತ್ತಿರುವವು. ಸುಪ್ರೀಮ್ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೆಲ್ಲ ತಡೆಯಿತು. ಸಾವಯವ ಪದಾರ್ಥದ ಮೊದಲನೆಯ ಲಾಭವು ಕೊಳ್ಳುವವನದಲ್ಲ, ಬೆಳೆಯುವವನದು. ಬೆನ್ನ ಮೇಲೆ ಔಷಧದ ಡಬ್ಬಿಯನ್ನು ಹೊರುವ ಆಳಿನ ಉಸಿರು ಉಳಿಯುವದು.

ಉಣ್ಣುವವನಿಗೂ ಲಾಭವಿಲ್ಲದೆ ಇಲ್ಲ. ಟೊಮೆಟೊ, ಬದನೆಗಳನ್ನು ತೊಳೆದು ಬಳಸಬಹುದು. ಮೆಣಸಿನಕಾಯಿಯನ್ನಾದರೋ ಸಿಪ್ಪೆಯ ಸಮೇತ ಒಣಗಿಸಿ, ಸಿಪ್ಪೆಯ ಸಮೇತ ಕುಟ್ಟಿ ಉಣ್ಣುವೆವು. ನಾಲ್ಕು ಕಿಲೋ ಹಣ್ಣುಕಾಯಿ ಒಣಗಿ ಸುಮಾರು ಒಂದು ಕಿಲೋ ಆಗುವದು. ನೀರು ಆರಿಹೋಗುವದು, ಮೈಗೆ ಅಂಟಿದ ಔಷಧದ ಶೇಷವು ಬಹುಮಟ್ಟಿಗೆ ಉಳಿದು ಗಟ್ಟಿಯಾಗುವದು. ಪುಡಿಯ ಪೊಟ್ಟಣದಲ್ಲಿ ಇನ್ನೊಂದು ಅಂಜಿಕೆಯುಂಟು. ಎಣ್ಣೆ ಮೇಣಗಳಿಗೆ ಹಾಕತಕ್ಕ ಸುಡಾನ್ ಎಂಬ ಬಣ್ಣವು ಭಾರತದಿಂದ ಹೋದ ಖಾರದಪುಡಿಯಲ್ಲಿ 2003ರಲ್ಲಿ ಯುರೋಪಿನಲ್ಲಿ ಸಿಕ್ಕಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಅದಕ್ಕಾಗಿಯೇ ಹಿಂದಕ್ಕೆ ತೆಗೆಯಬೇಕಾಯಿತು. ಬಣ್ಣವಿಲ್ಲದ ಸೋವಿಯ ಖಾರಕ್ಕೆ ಬ್ಯಾಡಗಿಯ ವೇಷ ಹಾಕುವ ದುರಾಶೆಯಿಂದ ಇಂಥ ಕೆಲಸವಾಗುವದು. ಇಡಿಯ ಕಾಯಿಯನ್ನು ಕೊಂಡು, ಕಣ್ಣೆದುರಿಗೆ ಗಿರಣಿಯಲ್ಲಿ ಬೀಸಿಸಿಕೊಳ್ಳುವ ನಮ್ಮ ಹಿರಿಯರ ಪದ್ಧತಿಯಲ್ಲಿ ಈ ಮೋಸಕ್ಕೆ ಎಡೆಯಿಲ್ಲ.

ಅತಿಯಾದ ಮಾತು ಬೇಡ

ಸಾವಯವದ ಪಕ್ಷದವರು ಕೆಲವೊಮ್ಮೆ ಸತ್ಯದ ಗಡಿಯನ್ನು ದಾಟುವರು. ಅದರಲ್ಲಿ ಪೋಷಕಾಂಶವು ಬಹಳ ಹೆಚ್ಚು, ಅದನ್ನುಂಡರೆ ರೋಗಗಳೇ ಇಲ್ಲ ಎಂದು ಸಾರುವರು. 2009ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆಯು ಮಾಡಿಸಿದ ವಿಮರ್ಶೆಯಲ್ಲಿ ಪೋಷಕಾಂಶಗಳಲ್ಲಿ ಗಣನೀಯ ಭೇದವು ಕಾಣಲಿಲ್ಲ. 2014ರ ಇನ್ನೊಂದು ದೊಡ್ಡ ವಿಮರ್ಶೆಯಲ್ಲಿ ಔಷಧದ ಶೇಷವೂ ಕ್ಯಾಡ್ಮಿಯಮ್ ಎಂಬ ವಿಷಲೋಹವೂ ಸಾವಯವ ಬೆಳೆಗಳಲ್ಲಿ ಕಡಿಮೆಯೆಂದೂ, ಕೆಲವು ಹಿತಕರ ಅಂಶಗಳು ಹೆಚ್ಚೆಂದೂ ಕಂಡಿತು. ವಿಷ ಕಡಿಮೆಯೆಂಬುದು ಗಟ್ಟಿಯಾದ ಮಾತು. ಅಮೃತವೆಂಬುದು ಗಟ್ಟಿಯಲ್ಲದ ಮಾತು. ಸರಿಯಾಗಿ ಒಣಗಿಸದ ಕಾಯಿಗೆ, ಅದು ಸಾವಯವದ್ದೇ ಇರಲಿ, ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟಬಲ್ಲದು. ಬಣ್ಣಕ್ಕೂ ತೂಕಕ್ಕೂ ನೀರು ಚಿಮುಕಿಸಿದ ಕಾಯಿಯಲ್ಲಂತೂ ಅದರ ಅಂಜಿಕೆ ಹೆಚ್ಚು.

ಆತುರವೂ ಒಳ್ಳೆಯದಲ್ಲ. ಸಿಕ್ಕಿಮ್ ಪ್ರಾಂತವು ಹತ್ತಾರು ವರ್ಷ ಹೆಜ್ಜೆ ಹೆಜ್ಜೆಯಾಗಿ ನಡೆದು 2016ರಲ್ಲಿ ಪೂರ್ಣ ಸಾವಯವವೆಂದು ಘೋಷಿಸಿಕೊಂಡಿತು. ನೆರೆಯ ಸಿಂಹಳವು 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಒಂದೇ ಆಜ್ಞೆಯಿಂದ ನಿಲ್ಲಿಸಿ, ಬತ್ತ ಚಹಗಳ ಬೆಳೆ ಕುಸಿದು, ಅದೇ ವರ್ಷದ ಕೊನೆಗೆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮಣ್ಣನ್ನು ಹುಕುಮಿನಿಂದ ತಿದ್ದಲಿಕ್ಕೆ ಬರುವದಿಲ್ಲ.

ಮನೆಯ ಲೆಕ್ಕ

ಹಾಗಾದರೆ ಪಗಾರದ ಮೇಲೆ ಸಂಸಾರ ಮಾಡುವವನು ಏನು ಮಾಡಬೇಕು? ಉದಾಹರಣೆಗೆ ಐದು ಜನರ ಒಂದು ಮನೆಗೆ ವರ್ಷಕ್ಕೆ 6 ಕಿಲೋ ಒಣಮೆಣಸಿನಕಾಯಿ ಬೇಕೆಂದು ಹಿಡಿಯೋಣ. ಪೇಟೆಯ ಕಾಯಿಗಿಂತ ಸಾವಯವದ ನಾಡ ಕಾಯಿಗೆ ಕಿಲೋಕ್ಕೆ 200 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ ವರ್ಷದ ಹೆಚ್ಚುವರಿ 1,200 ರೂಪಾಯಿ; ತಿಂಗಳಿಗೆ 100. ಅದೇ ಮನೆಗೆ ತಿಂಗಳಿಗೆ 40 ಕಿಲೋ ಅಕ್ಕಿ ಜೋಳಗಳು ಬೇಕೆಂದೂ, ಮುದ್ರೆಯೊತ್ತಿದ ಸಾವಯವ ಧಾನ್ಯಕ್ಕೆ ಕಿಲೋಕ್ಕೆ 30 ರೂಪಾಯಿ ಹೆಚ್ಚೆಂದೂ ಹಿಡಿದರೆ, ತಿಂಗಳಿಗೇ 1,200, ವರ್ಷಕ್ಕೆ 14,400. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದರಿಂದಲೇ ಜನರು ಬೆದರುವರು.

ಎಲ್ಲಿ ಔಷಧ ಹೆಚ್ಚು ಬೀಳುವದೋ, ಎಲ್ಲಿ ನಮಗೆ ಬೇಕಾದ ತೂಕ ಕಡಿಮೆಯೋ ಅಲ್ಲಿ ಮೊದಲು ಹೆಚ್ಚು ಬೆಲೆಯನ್ನು ಕೊಡತಕ್ಕದ್ದು. ಮೆಣಸಿನಕಾಯಿ ಈ ಎರಡೂ ಲಕ್ಷಣಗಳಿಗೆ ಒಪ್ಪುವದು. ಧಾನ್ಯದ ಮಾತು ಬೇರೆ. ಹಿಂಗಾರಿಯ ಜೋಳವೂ ನವಣೆಯೂ ಔಷಧವನ್ನು ಅಷ್ಟಾಗಿ ಬಯಸದ ಬೆಳೆಗಳು. ಅವುಗಳಿಗೆ ಮುದ್ರೆಯ ಪೊಟ್ಟಣವನ್ನು ದೂರದಿಂದ ತರಿಸುವದಕ್ಕಿಂತ, ಪರಿಚಿತ ರೈತನ ಕಣದಿಂದ ಚೀಲವನ್ನೇ ಕೊಳ್ಳುವದು ಸೋವಿಯೂ ಹೌದು, ಲೇಸೂ ಹೌದು. ಸಾವಯವದ ಮುದ್ರೆ ಗುರುತಿಲ್ಲದವನಿಗೆ ಬೇಕಾದ ಸಾಕ್ಷಿ. ಗುರುತಿದ್ದವನಿಗೆ ರೈತನ ಮುಖವೇ ಸಾಕ್ಷಿ. ಇನ್ನು ದಿನಗೂಲಿಯವನಿಗೆ ಈ ಉಪದೇಶವನ್ನು ಮಾಡುವದು ಸಲ್ಲದು. ಅವನಿಗೆ ಸೋವಿಯ ಅನ್ನವೂ ದೊಡ್ಡ ಗಂಡಾಂತರವನ್ನು ದಾಟಿಸುವಂಥದು. ಹೆಚ್ಚಿನ ಭಾರವನ್ನು ಹೊರಬಲ್ಲವರು ಹೊತ್ತರೆ, ಬೆಳೆಯುವವರು ಹೆಚ್ಚಿ, ಕ್ರಮೇಣ ಎಲ್ಲರಿಗೂ ದರವು ಇಳಿಯಬಹುದು.

ಮಾಡತಕ್ಕ ಕೆಲಸ

ಕದರಮಂಡಲಗಿಯಿರುವ ತಾಲೂಕಿನದೇ ಆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದವರು. 1943ರಲ್ಲಿ ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಎದೆಯೊಡ್ಡಿದವರು. ಉಪ್ಪಿನಂಥ ಸೋವಿಯ ಪದಾರ್ಥಕ್ಕಾಗಿ ಆ ನಡಿಗೆ ನಡೆಯಿತು. ನಮ್ಮ ದಂಡೆಯ ಉಪ್ಪನ್ನು ನಾವು ತೆಗೆದುಕೊಳ್ಳಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ದರವು ಅದರಲ್ಲಿ ಕೊನೆಯ ಮಾತು. ಗಾಂಧೀಜಿಯವರು 1916ರಷ್ಟು ಹಿಂದೆಯೇ ಮದರಾಸಿನಲ್ಲಿ ಸ್ವದೇಶಿಯ ಅರ್ಥವನ್ನು ವಿವರಿಸುತ್ತ, ದೂರದವರನ್ನು ಬಿಟ್ಟು ಹತ್ತಿರದವರ ಸೇವೆಯನ್ನು ಮೊದಲು ಮಾಡುವದೇ ಅದರ ತಿರುಳೆಂದು ಹೇಳಿದ್ದರು. ಗೊಬ್ಬರದ ವಿಷಯದಲ್ಲಿ ಸಹ, ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡರು ಕಸಕಡ್ಡಿ ಸಗಣಿಗಳಿಂದ ಗೊಬ್ಬರ ಮಾಡುವ ರೀತಿಯನ್ನು ಶಾಸ್ತ್ರೀಯವಾಗಿ ಗೊತ್ತುಪಡಿಸಿದ ಬಳಿಕ, 1935ರಲ್ಲಿ ಅವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದರು.

ಕರ್ನಾಟಕ ಸರಕಾರವು 2004ರಲ್ಲಿ ಸಾವಯವ ಕೃಷಿಯ ನೀತಿಯನ್ನು ಸಾರಿತು. 2017ರಲ್ಲಿ ಅದನ್ನು ಹೊಸದಾಗಿ ಬರೆಯಿತು. ನೀತಿಯ ಕಾಗದ ಬೇಕಾದಷ್ಟಾಯಿತು. ಈಗ ಬೇಕಾದದ್ದು ಕೊಳ್ಳುವವರ ಕೈ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಬಹಳ. ವಿದ್ಯಾರ್ಥಿ ನಿಲಯಗಳಿಗೂ ಶಾಲೆಯ ಬಿಸಿಯೂಟಕ್ಕೂ ವರ್ಷಕ್ಕೆ ಬೇಕಾಗುವ ಖಾರದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಜಿಲ್ಲೆಯ ಪಿಜಿಎಸ್ ಗುಂಪುಗಳಿಂದ, ಬಿತ್ತಿಗೆಗೆ ಮೊದಲೇ ದರ ಗೊತ್ತುಮಾಡಿ ಕೊಳ್ಳುವಂತೆ ಅವರು ಬರೆದುಕೊಳ್ಳಬಾರದೇಕೆ? ಪೇಟೆಯ ಕಾಯಿಯನ್ನೂ ಪುಡಿಯನ್ನೂ ಆಗಾಗ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪೇಟೆಯ ಬಾಗಿಲಿಗೆ ಅಂಟಿಸಬಾರದೇಕೆ? ಕದರಮಂಡಲಗಿಗೆ ಸಾವಿರಾರು ಭಕ್ತರು ಬರುವರು. ಸುಗ್ಗಿಯ ಮೂರು ತಿಂಗಳು ಅಲ್ಲಿ ಶನಿವಾರಕ್ಕೊಮ್ಮೆ ಊರ ರೈತರದೇ ಒಂದು ಸಂತೆ ಕೂಡಿದರೆ, ಚೀಟಿಯ ಮೇಲೆ ಬೆಳೆದವನ ಹೆಸರೂ ಹೊಲದ ಗುರುತೂ ಇದ್ದರೆ, ದಲಾಲನ ಕೈಗೆ ಹೋಗುವ ಪಾಲು ಬೆಳೆದವನಲ್ಲಿಯೇ ಉಳಿಯುವದು.

ಇದಕ್ಕೆ ಬಂಡವಾಳವೆಲ್ಲಿ ಎಂದು ಕೇಳುವವರು ನೆರೆಯ ಗದಗ ಸೀಮೆಯ ಕಣಗಿನಹಾಳವನ್ನು ನೆನೆಯಲಿ. 1905ರಲ್ಲಿ, ಸಹಕಾರಿ ಕಾಯದೆ ಹೊರಟ ಮರುವರ್ಷವೇ, ಸಿದ್ದನಗೌಡ ಪಾಟೀಲರೂ ಅವರ ಊರವರೂ ಅಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಅಂದಿನ ಹಳ್ಳಿಗರಿಗೆ ಆದದ್ದು ಇಂದಿನ ನಮಗೆ ಆಗದೆನ್ನಲಾಗದು. ಪಟ್ಟಣದ ಇಪ್ಪತ್ತು ಮನೆಗಳು ಕೂಡಿ ಒಬ್ಬ ರೈತನಿಗೆ, "ನಿನ್ನ ಒಂದು ಕ್ವಿಂಟಲು ನಾಡ ಕಾಯಿ ನಮ್ಮದು, ದರ ಇಂತಿಷ್ಟು" ಎಂದು ಜೂನಿನಲ್ಲಿಯೇ ಮಾತು ಕೊಡಲಿ. ಪರಿವರ್ತನೆಯ ಎರಡು ವರ್ಷವೂ ಆ ಮಾತನ್ನು ನಡೆಸಲಿ. ಅಷ್ಟಾದರೆ ಒಂದು ಹೊಲದಲ್ಲಿ ಒಂದು ಬೀಜವು ಉಳಿಯುವದು. ಒಬ್ಬ ಆಳಿನ ಬೆನ್ನಿನಿಂದ ಔಷಧದ ಡಬ್ಬಿ ಇಳಿಯುವದು.

ಸೋವಿಯೆಂದರೆ ಕಡಿಮೆ ಹಣ ಕೊಟ್ಟು ತಂದದ್ದೆಂಬ ಅರ್ಥವನ್ನು ನಾವು ಬಹುದಿನ ನಂಬಿದೆವು. ಉಳಿದ ಹಣವನ್ನು ಯಾರು ಕೊಟ್ಟರೆಂದು ಕೇಳುವ ಅಭ್ಯಾಸವು ಇನ್ನಾದರೂ ಬರಲಿ. ಮುಂದಿನ ಸುಗ್ಗಿಗೆ ವರ್ಷದ ಖಾರವನ್ನು ಕುಟ್ಟಿಸುವ ಮುನ್ನ ಪ್ರತಿಯೊಬ್ಬ ಯಜಮಾನನೂ ಪ್ರತಿಯೊಬ್ಬ ಗೃಹಿಣಿಯೂ ಅಂಗಡಿಕಾರನಿಗೆ, ಇದು ಯಾವ ಊರಿನ ಕಾಯಿ ಎಂದು ಒಂದು ಸಾರೆ ಕೇಳಿ ನೋಡಲಿ. ಕೇಳುವವರು ಹೆಚ್ಚಿದಂತೆ ಉತ್ತರ ಹೇಳಬಲ್ಲ ಅಂಗಡಿಗಳೂ ಹೆಚ್ಚುವವು; ಉತ್ತರವಾಗಿ ನಿಲ್ಲಬಲ್ಲ ರೈತರು ಕದರಮಂಡಲಗಿಯ ಸೀಮೆಯಲ್ಲಿ ಇನ್ನೂ ಇರುವರು.